ಕೂಬರ್ ಪೀಡಿ ಡೈರಿ: ದಸರಾ ರಜೆಲಿ ಮರಳುಗಾಡಿಗೆ ಹೋಗಿ ಓಪಲ್ ಹುಡುಕಿದ್ದು

ಸೋಮವಾರ, ಬೆಂಗಳೂರು

ದಸರಾಗೆ ಮೈಸೂರಾ ಅಂತ ಕೇಳಿದೋರಿಗೆಲ್ಲ ಇಲ್ಲ ಈ ಸಲ ಆಸ್ಟ್ರೇಲಿಯಾ ಅಂದೆ, ಓ ಸಿಡ್ನಿನಾ ಅಂದ್ರು, ಅಲ್ಲ ಕೂಬರ್ ಪೀಡಿ ಅಂದೆ, ಅಲ್ಲಿಗೆ ಮಾತು ನಿಂತೋಯ್ತು. ದಕ್ಷಿಣ ಆಸ್ಟ್ರೇಲಿಯಾದ ಮರಳುಗಾಡಲ್ಲಿರೋ ಸಣ್ಣ ಊರು ಅದು, ಅಡಿಲೇಡ್ ಇಂದ ಉತ್ತರಕ್ಕೆ 846 ಕಿಲೋಮೀಟರ್. ಅರ್ಧಕ್ಕಿಂತ ಜಾಸ್ತಿ ಜನ ನೆಲದೊಳಗೆ ಮನೆ ಕೊರ್ಕೊಂಡು ಇರ್ತಾರೆ, ಊರು ಹುಟ್ಟಿದ್ದೇ ಓಪಲ್ ಅನ್ನೋ, ತಿರುಗಿಸಿದ್ರೆ ಒಳಗೆ ಬಣ್ಣ ಬದಲಾಗೋ ಕಲ್ಲಿಗೋಸ್ಕರ, ಈಗಲೂ ನಡೀತಿರೋದು ಅದರಿಂದ ಮತ್ತೆ ನಮ್ಮಂಥ ಟೂರಿಸ್ಟ್‌ಗಳಿಂದ.

ಇದಕ್ಕೆಲ್ಲ ಕಾರಣ ಮಗಳು. ಸ್ಕೂಲಿಂದ ಸದಾಶಿವನಗರದ ರಾಮನ್ ಇನ್‌ಸ್ಟಿಟ್ಯೂಟ್‌ಗೆ ಕರ್ಕೊಂಡು ಹೋಗಿದ್ರು, ಅಲ್ಲಿ ಸಿ.ವಿ. ರಾಮನ್ ಕೂಡಿಟ್ಟ ಹರಳು, ಚಿಪ್ಪು, ಚಿಟ್ಟೆ ಎಲ್ಲ ನೋಡ್ಕೊಂಡು ಬಂದು ಊಟಕ್ಕೆ ಕೂತ್ರೂ ಅದೇ ಮಾತು. ರಾಮನ್ ಅಂದ್ರೆ ನಮಗೆಲ್ಲ 1930ರ ನೊಬೆಲ್, ಸಮುದ್ರ ಯಾಕೆ ನೀಲಿ, ಅಷ್ಟೇ ತಾನೆ ಗೊತ್ತಿರೋದು. ಆದ್ರೆ ಬೆಂಗಳೂರಲ್ಲಿ ತಮ್ಮದೇ ಸಂಸ್ಥೆ ಕಟ್ಕೊಂಡ ಮೇಲೆ ಅವರು ಮುತ್ತು, ವಜ್ರ, ಓಪಲ್ ಇಂಥವುಗಳ ಬಣ್ಣದ ಹಿಂದೆ ಬಿದ್ದಿದ್ರು. 1953ರಲ್ಲಿ ಎ. ಜಯರಾಮನ್ ಜೊತೆ ಸೇರ್ಕೊಂಡು ಓಪಲ್ ಒಳಗಿನ ರಚನೆ ಏನು, ಆ ಹೊಳಪು ಎಲ್ಲಿಂದ ಬರುತ್ತೆ ಅನ್ನೋದರ ಮೇಲೇ ಒಂದು ಪೇಪರ್ ಬರೆದ್ರು. ಬಣ್ಣ ಇರೋದು ಒಳಗಿನ ಜೋಡಣೇಲಿ, ಕಲ್ಲಿಗೆ ಯಾರೂ ಬಣ್ಣ ಹಾಕಿಲ್ಲ. 1964ರಲ್ಲಿ ಆಸ್ಟ್ರೇಲಿಯಾ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಓದ ವಿಜ್ಞಾನಿಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಹಿಡಿದು ನೋಡಿದಾಗ ಆ ಜೋಡಣೆ ಕಣ್ಣಿಗೇ ಬಿತ್ತು: ಸಿಲಿಕಾದ ಸಣ್ಣ ಸಣ್ಣ ಗೋಳಗಳು, ಒಂದೇ ಸೈಜು, ಸಾಲಾಗಿ ಒಂದರ ಮೇಲೊಂದು. ಆ ಗೋಳ ಎಷ್ಟು ಸಣ್ಣದು ಅಂದ್ರೆ ಒಂದು ಮಿಲಿಮೀಟರನ್ನ ಹತ್ತು ಸಾವಿರ ಭಾಗ ಮಾಡಿದ್ರೆ ಅದರಲ್ಲಿ ಎರಡೋ ಮೂರೋ ಭಾಗ. ದೊಡ್ಡ ಗೋಳ ಇದ್ರೆ ಕೆಂಪು ಕೂಡ ಕಾಣುತ್ತೆ, ಸಣ್ಣದಿದ್ರೆ ಬರೀ ನೀಲಿ. ಅದಕ್ಕೇ ಕೆಂಪು ಆಡೋ ಓಪಲ್‌ಗೆ ರೇಟು ಜಾಸ್ತಿ.

ಹೊರಡೋ ಮುಂಚೆ ಚಿಕ್ಕಪೇಟೆ ಕಡೆ ಒಂದೆರಡು ಅಂಗಡಿ ಹತ್ತಿಳಿದೆ, ಓಪಲ್ ಕೈಯಲ್ಲಿ ಹಿಡಿದು ನೋಡೋಣ ಅಂತ. ನಮ್ಮೂರಲ್ಲಿ ಓಪಲ್ ಕೊಳ್ಳೋರು ಮುಕ್ಕಾಲು ಪಾಲು ಜಾತಕ ಹಿಡ್ಕೊಂಡೇ ಬರೋದು, ಶುಕ್ರನಿಗೆ ವಜ್ರ ಹಾಕೋಕೆ ದುಡ್ಡಿಲ್ಲ ಅಂದ್ರೆ ಓಪಲ್ ಹಾಕಿ ಅಂತ ಜ್ಯೋತಿಷಿಗಳು ಬರ್ಕೊಟ್ಟಿರ್ತಾರೆ. ಒಬ್ಬ ವಯಸ್ಸಾದ ಅಂಗಡಿಯವರು ಟ್ರೇ ತೆಗೆದು ತೋರಿಸಿ ಇದೆಲ್ಲ ಇಥಿಯೋಪಿಯಾದು ಸಾರ್, ಜೈಪುರದಲ್ಲಿ ಕಟಿಂಗ್ ಆಗಿ ಬರುತ್ತೆ, ನಾಲಿಗೆಗೆ ತಾಗಿಸಿ ನೋಡಿ ಅಂದ್ರು. ತಾಗಿಸಿದ್ರೆ ಕಲ್ಲು ನಾಲಿಗೆಗೆ ಅಂಟ್ಕೊಂಡ್ಬಿಡ್ತು! ಅದು ನೀರು ಹೀರೋ ಜಾತಿಯಂತೆ, ನೀರಲ್ಲಿಟ್ರೆ ಬಣ್ಣ ಮಾಯ ಆಗಿ ಗಾಜಿನಂಗೆ ಆಗುತ್ತೆ, ಒಣಗಿದ್ಮೇಲೆ ವಾಪಸ್ ಬರುತ್ತೆ. ಆಸ್ಟ್ರೇಲಿಯಾದು ಅಂಟಲ್ಲ. ನಮ್ಮ ಅತ್ತಿಗೆಗೆ ಯಾವುದೋ ಅಂಗಡಿಯವನು ಅಪ್ಪಟ ಓಪಲ್ ಅಂತ ಉಂಗುರ ಕೊಟ್ಟಿದ್ದ, ಪಾತ್ರೆ ತೊಳೆದೂ ತೊಳೆದೂ ಅಂಚಿಂದ ನೀರು ಹೋಗಿ ಒಳಗೆಲ್ಲ ಮಬ್ಬಾಯ್ತು. ಆಮೇಲೆ ಗೊತ್ತಾಗಿದ್ದು ಅದು ಡಬ್ಲೆಟ್ ಅಂತ, ಅಂದ್ರೆ ಕಪ್ಪು ಕಲ್ಲಿನ ಮೇಲೆ ಓಪಲ್‌ದು ಒಂದು ತೆಳು ಸಿಪ್ಪೆ ಗಮ್ ಹಾಕಿ ಅಂಟಿಸಿರೋದು. ಡಬ್ಲೆಟ್ ಮಾರೋದೇನು ತಪ್ಪಲ್ಲ ಬಿಡಿ, ಹೇಳಿ ಮಾರಬೇಕು ಅಷ್ಟೇ.

ರಾತ್ರಿ ಫ್ಲೈಟು. ಹೆಬ್ಬಾಳ ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ ನಿಂತ್ವಿ, ಹಿಂದಿನ ಕ್ಯಾಬ್‌ನವನು ಹಾರ್ನ್ ಮೇಲಿಂದ ಕೈಯೇ ತೆಗೀಲಿಲ್ಲ.

ಮಂಗಳವಾರ, ಅಡಿಲೇಡ್

ಸಿಂಗಾಪುರ ಮೇಲೆ ಹೋಗಿದ್ದು, ಹೇಳೋಕೆ ಏನೂ ಇಲ್ಲ, ನಿದ್ದೆ ಬರಲಿಲ್ಲ. ಅಡಿಲೇಡ್ ಏರ್‌ಪೋರ್ಟಲ್ಲಿ ತಿಂಡಿ ಪದಾರ್ಥ ಇದ್ರೆ ಕಾರ್ಡಲ್ಲಿ ಟಿಕ್ ಮಾಡ್ಬೇಕು, ಮುಚ್ಚಿಟ್ರೆ ದಂಡ ಜೋರಾಗಿ ಬೀಳುತ್ತೆ. ನಾವು ಎಲ್ಲ ಟಿಕ್ ಮಾಡಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಎಲ್ಲ ಬಿಚ್ಚಿ ತೋರಿಸಿದ್ವಿ, ಆಫೀಸರಮ್ಮ ಮೂಸಿ ನೋಡಿ ನಕ್ಕು ಬಿಟ್ಬಿಟ್ರು. ನನ್ನ ಭಾವಮೈದ ಇಲ್ಲಿ ಸೆಟ್ಲ್ ಆಗಿ ಸುಮಾರು ವರ್ಷ ಆಯ್ತು, ಅವನ ಹೆಂಡತಿ ಹಾಸನದವಳು, ಮನೆಲಿ ಗೊಂಬೆ ಕೂಡ್ಸಿದ್ರು, ಪಟ್ಟದ ಗೊಂಬೆ ಪಕ್ಕ ಒಂದು ಕಾಂಗರೂ. ಟೈಮು ನಮಗಿಂತ 5 ಗಂಟೆ ಮುಂದೆ, ಆದ್ರೂ ರಾತ್ರಿ ನಿದ್ದೆ ಇಲ್ಲದ್ದಕ್ಕೆ ಸಂಜೆ ಆರಕ್ಕೇ ಎಲ್ಲರೂ ಬಿದ್ಕೊಂಡ್ವಿ.

ಬುಧವಾರ, ಸ್ಟುವರ್ಟ್ ಹೈವೇ

ಬೆಳಿಗ್ಗೆ ಐದಕ್ಕೆ ಹೊರಟ್ವಿ, ಒಂದೇ ಕಾರಲ್ಲಿ ಐದು ಜನ, ಡಿಕ್ಕಿಲಿ ಎರಡು ಕ್ಯಾನ್ ನೀರು, ಒಂದು ಎಕ್ಸ್‌ಟ್ರಾ ಟೈರು. ಕತ್ತಲಾದ್ಮೇಲೆ ಈ ರಸ್ತೇಲಿ ಓಡಿಸೋ ಹಾಗಿಲ್ಲ, ಸಂಜೆ ಆದ್ರೆ ಕಾಂಗರೂಗಳು ಅಡ್ಡ ಬರ್ತವೆ, ಬಾಡಿಗೆ ಕಾರಾದ್ರೆ ಇನ್ಶೂರೆನ್ಸೂ ಒಪ್ಪಲ್ಲ ಅಂತ ಭಾವಮೈದ. ಪೋರ್ಟ್ ಅಗಸ್ಟಾ ತನಕ 300 ಚಿಲ್ಲರೆ ಕಿಲೋಮೀಟರು ಗೋಧಿ ಹೊಲ, ಕುರಿ, ಸಮುದ್ರ ಎಲ್ಲ ಕಾಣುತ್ತೆ. ಅಲ್ಲಿಂದ ಉತ್ತರಕ್ಕೆ ತಿರುಗಿದ್ರೆ ಎಲ್ಲ ಮುಗೀತು, ಕೆಂಪು ಮಣ್ಣು, ಮೊಣಕಾಲೆತ್ತರದ ಬೂದು ಗಿಡ, ನೆಟ್ಟಗೆ ರಸ್ತೆ. ಸ್ಪೀಡ್ ಲಿಮಿಟ್ 110, ಎದುರಿಗೆ ಯಾರೂ ಇಲ್ಲ, ಹತ್ತು ನಿಮಿಷಕ್ಕೊಂದು ಗಾಡಿ ಬಂದ್ರೆ ಆ ಡ್ರೈವರ್ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳ್ತಾನೆ, ನಾವೂ ಹೇಳ್ಬೇಕು. ಮಗಳು ಹಿಂದಿನ ಸೀಟಿಂದ ಎಲ್ಲರಿಗೂ ಬೆರಳೆತ್ತಿ ಎತ್ತಿ ಸುಸ್ತಾದ್ಲು. ರೋಡ್ ಟ್ರೇನ್ ಅಂತ ಒಂದು ಲಾರಿ, ಹಿಂದೆ ಮೂರು ಟ್ರೇಲರ್, ಒಟ್ಟು 50 ಮೀಟರ್ ದಾಟುತ್ತೆ, ಅದು ಪಕ್ಕದಲ್ಲಿ ಹೋದಾಗ ನಮ್ಮ ಕಾರು ಒಂದು ಸಲ ಅಲುಗಾಡಿ ಸರಿಹೋಗುತ್ತೆ.

ಪಿಂಬಾ ಅನ್ನೋ ಕಡೆ ಟ್ಯಾಂಕ್ ಫುಲ್ ಮಾಡಿಸಿದ್ವಿ. ಅಲ್ಲಿಂದ ಕೂಗಳತೆ ದೂರದಲ್ಲಿ ವೂಮೆರಾ, ರಾಕೆಟ್ ಬಿಡೋ ಜಾಗ, 1967ರಲ್ಲಿ ಆಸ್ಟ್ರೇಲಿಯಾದ ಮೊದಲನೇ ಉಪಗ್ರಹ ಹೋಗಿದ್ದು ಅಲ್ಲಿಂದಲೇ. ಹೆಂಡತಿ ದೊಡ್ಡಪ್ಪ ಇಸ್ರೋದಲ್ಲಿದ್ದೋರು, ಅವರಿಗೆ ಕಳಿಸೋಣ ಅಂತ ಬೋರ್ಡ್ ಪಕ್ಕ ಫೋಟೋ ಆಯ್ತು. ಆಮೇಲೆ ಲೇಕ್ ಹಾರ್ಟ್, ಹೆಸರಿಗೆ ಕೆರೆ, ನೀರಿಲ್ಲ, ಕಣ್ಣು ಹಾಯಿಸಿದಷ್ಟು ದೂರ ಬಿಳೀ ಉಪ್ಪು. ದಡದಲ್ಲೇ ರೈಲ್ವೆ ಹಳಿ. ಇಳಿದು ಉಪ್ಪಿನ ಮೇಲೆ ಕಾಲಿಟ್ರೆ ಚರಚರ ಅಂತ ಒಡೀತಾ ಇತ್ತು, ನಿಂತ್ಕೊಂಡ್ರೆ ಏನೂ ಕೇಳಲ್ಲ. ಏನೂ ಅಂದ್ರೆ ಏನೂ ಇಲ್ಲ. ಗಾಳಿ ಇರಲಿಲ್ಲ, ಹಕ್ಕಿ ಇರಲಿಲ್ಲ. ಮಗಳು ಅಪ್ಪ ನನ್ನ ಕಿವಿಲಿ ಏನೋ ಗುಂಯ್ ಅಂತಿದೆ ಅಂದ್ಲು, ನನಗೂ ಅಂತಿತ್ತು, ಹೆಬ್ಬಾಳದ ಹಾರ್ನು ಇನ್ನೂ ಇಳಿದಿಲ್ಲ ಅಂತ ಹೆಂಡತಿ ನಕ್ಕಳು.

ಗ್ಲೆಂಡಾಂಬೋ ಬೋರ್ಡ್ ಮಾತ್ರ ಮರೆಯೋ ಹಾಗಿಲ್ಲ. ಜನಸಂಖ್ಯೆ ಬರೆದಿದ್ದಾರೆ: ಕುರಿ 22,500, ನೊಣ ಸುಮಾರು 20 ಲಕ್ಷ, ಮನುಷ್ಯರು 30. ನೊಣದ ಲೆಕ್ಕ ಕಮ್ಮಿ ಹೇಳಿದ್ದಾರೆ, ಡೋರ್ ತೆಗೆದ ಕೂಡಲೇ ಮೂಗು, ಕಣ್ಣು, ಬಾಯಿ ಎಲ್ಲ ಕಡೆ, ಓಡಿಸಿದ್ರೂ ಹೋಗಲ್ಲ, ಪುಳಿಯೋಗರೆ ಕಾರೊಳಗೇ ತಿಂದ್ವಿ. ಇಲ್ಲಿಂದ ಕೂಬರ್ ಪೀಡಿಗೆ ಇನ್ನೂ 250 ಕಿಲೋಮೀಟರು, ಮಧ್ಯೆ ಪೆಟ್ರೋಲ್ ಬಂಕು, ಟೀ ಅಂಗಡಿ, ಮೊಬೈಲ್ ಸಿಗ್ನಲ್ ಏನೇನೂ ಇಲ್ಲ. ಎಮು ಒಂದು ಮರಿಗಳನ್ನ ಕಟ್ಕೊಂಡು ರಸ್ತೆ ದಾಟ್ತು, ಸತ್ತ ಕಾಂಗರೂ ಮೇಲೆ ಹದ್ದು ಕೂತಿತ್ತು, ಅದೂ ನಮ್ಮನ್ನ ನೋಡಿ ಎದ್ದೇಳೋಕೆ ಸೋಮಾರಿತನ ಮಾಡ್ತು.

ಸಾಯಂಕಾಲದ ಹೊತ್ತಿಗೆ ರಸ್ತೆ ಎರಡೂ ಕಡೆ ಬಿಳೀ, ಗುಲಾಬಿ ಮಣ್ಣಿನ ಗುಡ್ಡೆಗಳು ಶುರುವಾದ್ವು, ಒಂದು ಎರಡು ಆಮೇಲೆ ಸಾವಿರಾರು. ಪ್ರತಿ ಗುಡ್ಡೆ ಪಕ್ಕ ಒಂದು ಮೀಟರ್ ಅಗಲದ ತೂತು, ಕೆಲವು 25-30 ಮೀಟರ್ ಆಳ, ಬಾಯಿಗೆ ಮುಚ್ಚಳ ಇಲ್ಲ. ಊರಿಗೆ ಬರ್ತಿದ್ದ ಹಾಗೇ ಎಚ್ಚರಿಕೆ ಬೋರ್ಡು, ಮನುಷ್ಯ ತಲೆಕೆಳಗಾಗಿ ಬೀಳ್ತಿರೋ ಚಿತ್ರ, ಓಡಬೇಡಿ, ಹಿಂದಕ್ಕೆ ನಡೀಬೇಡಿ ಅಂತ. ಸೆಲ್ಫಿ ತಗೊಳ್ಳೋಕೆ ಹಿಂದಕ್ಕೆ ಹೋಗೋರಿಗೆ ಅಂತಾನೇ ಬರೆದಂಗಿದೆ.

ಗುರುವಾರ, ನೆಲದೊಳಗಿನ ಊರು

ನಾವಿಳಿದ ರೂಮೂ ನೆಲದೊಳಗೇ. ಕಿಟಕಿ ಇಲ್ಲ, ಗೋಡೆ ಮೇಲೆಲ್ಲ ಕೊರೆಯೋ ಮಷೀನ್ ಹಲ್ಲಿನ ಗುರುತು ಸುತ್ತು ಸುತ್ತಾಗಿ ಹಂಗೇ ಬಿಟ್ಟಿದ್ದಾರೆ, ಧೂಳು ಉದುರದಿರ್ಲಿ ಅಂತ ಮೇಲೆ ವಾರ್ನಿಶ್. ಗಾಳಿಗೆ ಮೇಲಕ್ಕೊಂದು ಪೈಪು. ಲೈಟ್ ಆರಿಸಿದ್ರೆ ಕಣ್ಣು ತೆಗೆದ್ರೂ ಮುಚ್ಚಿದ್ರೂ ಒಂದೇ. ಬೇಸಿಗೆಲಿ ಹೊರಗೆ 45 ಡಿಗ್ರಿ ದಾಟುತ್ತೆ, ಒಳಗೆ ವರ್ಷಪೂರ್ತಿ 23-25, ಎಸಿ ಬೇಡ. ಬೆಳಿಗ್ಗೆ ಎಂಟಾದ್ರೂ ಯಾರಿಗೂ ಎಚ್ಚರ ಆಗಲಿಲ್ಲ, ಬೆಳಕೇ ಬರದಿದ್ರೆ ಹೇಗಾಗ್ಬೇಕು.

1915ರ ಫೆಬ್ರವರಿ 1ಕ್ಕೆ ವಿಲ್ಲೀ ಹಚಿಸನ್ ಅನ್ನೋ 14 ವರ್ಷದ ಹುಡುಗನಿಗೆ ಇಲ್ಲಿ ಓಪಲ್ ಸಿಕ್ಕಿದ್ದು. ಅವನಪ್ಪ ಮತ್ತೆ ಅವನ ಜೊತೆಯವರು ಬಂದಿದ್ದು ಚಿನ್ನ ಹುಡುಕೋಕೆ, ಚಿನ್ನ ಸಿಗಲಿಲ್ಲ, ಕೊನೆಗೆ ಕುಡಿಯೋ ನೀರಿಗೇ ಪರದಾಡ್ತಿದ್ರು, ಹುಡುಗ ನೀರು ಹುಡುಕೋಕೆ ಹೋಗಿ ಕಲ್ಲು ತಂದ. ಆಮೇಲೆ ಮೊದಲನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಬಂದ್ರು, ಕಂದಕದಲ್ಲಿ ಬದುಕಿ ಗೊತ್ತಿದ್ದೋರು, ಇಲ್ಲೂ ಗುಡ್ಡ ಕೊರೆದು ಮನೆ ಮಾಡ್ಕೊಂಡ್ರು ಅಂತ ಹೇಳ್ತಾರೆ. ಎರಡನೇ ಯುದ್ಧ ಆದ್ಮೇಲೆ ಗ್ರೀಸ್, ಇಟಲಿ, ಸರ್ಬಿಯಾ, ಕ್ರೊಯೇಷಿಯಾ ಎಲ್ಲ ಕಡೆಯಿಂದ ಜನ. ಸರ್ಬಿಯಾದವರ ಚರ್ಚು ಪೂರ್ತಿ ನೆಲದೊಳಗಿದೆ, ಗೋಡೇಲೇ ಸಂತರನ್ನ ಕೆತ್ತಿದ್ದಾರೆ, ಗಾಜಿನ ಕಿಟಕಿ ಬಣ್ಣ ಕೆಳಗೆ ನೆಲದ ಮೇಲೆ ಬೀಳುತ್ತೆ. ನಾವು ಹೋದಾಗ ಯಾರೂ ಇರಲಿಲ್ಲ. ಫೇ ನೇಲರ್ ಅಂತ ಒಬ್ಬ ಹೆಂಗಸು ಇಬ್ಬರು ಗೆಳತಿಯರ ಜೊತೆ ಸೇರಿ ಗುದ್ದಲಿ ಹಿಡ್ಕೊಂಡು ಕೊರೆದ ಮನೆ ಇದೆ, ಒಳಗೆ ಈಜುಕೊಳ ಬೇರೆ! ಹೆಂಡತಿ ಅಲ್ಲಿಂದ ಹೊರಗೆ ಬರೋಕೇ ಒಪ್ಪಲಿಲ್ಲ, ವಾರ್ಡ್‌ರೋಬ್ ಬೇಕು ಅನ್ಸಿದ್ರೆ ಗೋಡೆ ಕೆರೆದ್ರಾಯ್ತು, ಕಾರ್ಪೆಂಟರ್ ಹಿಂದೆ ಆರು ತಿಂಗಳು ಅಲೀಬೇಕಾಗಿಲ್ಲ ಅಂತ.

ಗುಡ್ಡದ ಮೇಲೆ ಒಂದು ಕಬ್ಬಿಣದ ಮರ, ಗುಜರಿ ತುಂಡು ಬೆಸುಗೆ ಹಾಕಿ ಮಾಡಿದ್ದು, ಊರಿನ ಮೊದಲ ಮರ ಅದೇ ಅಂತ ಎಲ್ಲರೂ ಹೆಮ್ಮೆಯಿಂದ ಹೇಳ್ತಾರೆ. ಮಳೆ ವರ್ಷಕ್ಕೆ 150 ಮಿಲಿಮೀಟರೂ ಬರಲ್ಲ, ನಮ್ಮ ಬೆಂಗಳೂರಲ್ಲಿ ಒಂದು ಒಳ್ಳೇ ಸೆಪ್ಟೆಂಬರ್‌ಗೇ ಅದಕ್ಕಿಂತ ಜಾಸ್ತಿ ಸುರಿಯುತ್ತೆ. ಕುಡಿಯೋ ನೀರು ಊರಾಚೆ ಬೋರ್‌ವೆಲ್ಲಿಂದ, ಉಪ್ಪು ನೀರು, ಆರ್‌ಓ ಮಾಡಿ ಕೊಡ್ತಾರೆ, ನಾಣ್ಯ ಹಾಕಿದ್ರೆ ಕ್ಯಾನ್ ತುಂಬುತ್ತೆ. ಇದೊಂದು ನೋಡಿದಾಗ ಮಾತ್ರ ನಮ್ಮ ಏರಿಯಾನೇ ನೆನಪಾಯ್ತು.

ಸಂಜೆ ಭಾವಮೈದನಿಗೆ ಪರಿಚಯ ಇದ್ದ ಒಬ್ಬ ತಾತ ಸಿಕ್ರು, ಗ್ರೀಸ್‌ನೋರು, ಹುಡುಗನಾಗಿದ್ದಾಗ ಬಂದು ಇಲ್ಲೇ ಉಳಿದೋರು. ಬೆರಳ ತುದಿ ಎಲ್ಲ ಬಿಳೀ ಧೂಳು ಕೂತು ಗೆರೆಗಳು ಮಾತ್ರ ಕಾಣ್ತಿತ್ತು. ಬೇರೆಯವರ ಕ್ಲೇಮ್, ಅಂದ್ರೆ ಓಪಲ್ ತೆಗೆಯೋಕೆ ಅವರು ಹಿಡಿದಿಟ್ಟ ಜಾಗ, ಅದರೊಳಗೆ ಕಾಲಿಡೋ ಹಾಗಿಲ್ಲ, ನಾಲ್ಕು ಮೂಲೆಗೆ ಗೂಟ ಹೊಡೆದಿರ್ತಾರೆ, ಅದು ಕಳ್ಳತನಕ್ಕೆ ಸಮ. ಸಾರ್ವಜನಿಕರಿಗೆ ಅಂತ ಊರೊಳಗೇ ಒಂದು ಜಾಗ ಬಿಟ್ಟಿದ್ದಾರೆ, ಅಲ್ಲಿ ಹುಡುಕಬಹುದು, ಆದ್ರೆ ನಾಳೆ ನನ್ನ ಕ್ಲೇಮಿಗೇ ಬನ್ನಿ, ಹಳೇ ಗುಡ್ಡೆ ಕೆದಕಿ, ಸಿಕ್ಕಿದ್ದು ನಿಮ್ದು ಅಂದ್ರು. ಹಿಂಗೆ ಬೇರೆಯವರು ಎಸೆದ ಮಣ್ಣಲ್ಲಿ ಹುಡುಕೋದಕ್ಕೆ ಇಲ್ಲಿ ನೂಡ್ಲಿಂಗ್ ಅಂತಾರೆ. ಟಿಪ್ಸ್ ಏನಾದ್ರೂ ಕೊಡಿ ತಾತ ಅಂದಿದ್ದಕ್ಕೆ ಎರಡೇ ಮಾತು ಹೇಳಿದ್ರು. ಸೂರ್ಯ ಬೆನ್ನಿಗಿರ್ಲಿ. ಬಾಯಿ ಮುಚ್ಕೊಂಡಿರಿ.

ಶುಕ್ರವಾರ, ಆಯುಧ ಪೂಜೆ

ಬೆಳಿಗ್ಗೆ ರೂಮಿನ ಮುಂದೆ ಆಯುಧ ಪೂಜೆ. ಭಾವಮೈದನ ಹೆಂಡತಿ ಅರಿಶಿನ ಕುಂಕುಮ ತಂದಿದ್ಲು, ಕಾರಿಗೆ, ಕೈಗುದ್ದಲಿಗೆ, ಜರಡಿಗೆ, ನೀರು ಹೊಡೆಯೋ ಸ್ಪ್ರೇ ಬಾಟ್ಲಿಗೆ, ಯುವಿ ಟಾರ್ಚ್‌ಗೆ, ಎಲ್ಲಕ್ಕೂ ಬೊಟ್ಟು. ಬೂದುಗುಂಬಳಕಾಯಿ ಎಲ್ಲಿ ತರೋದು, ಅಡಿಲೇಡಿಂದ ತಂದ ನಿಂಬೆಹಣ್ಣು ಇತ್ತು, ನಾಲ್ಕು ಟೈರ್ ಕೆಳಗೆ ಇಟ್ಟು ಹತ್ತಿಸಿದ್ದಾಯ್ತು. ಪಕ್ಕದ ರೂಮಿನ ಜರ್ಮನ್ ಗಂಡ ಹೆಂಡತಿ ಮೊದಲು ಫೋಟೋ ತೆಗೆದ್ರು, ಆಮೇಲೆ ತಮ್ಮ ಕ್ಯಾರವಾನ್‌ಗೂ ಬೊಟ್ಟು ಇಡಿಸ್ಕೊಂಡ್ರು.

ತಾತನ ಕ್ಲೇಮು ಊರಿಂದ ಆಚೆ, ಸುತ್ತ ಎಲ್ಲ ಗುಡ್ಡೆ, ಒಂದು ತುಕ್ಕು ಹಿಡಿದ ಬ್ಲೋಯರ್ ಲಾರಿ, ಅಂದ್ರೆ ತೂತಿನೊಳಗಿಂದ ಮಣ್ಣು ಹೀರಿ ಮೇಲೆ ಉಗಿಯೋ ದೊಡ್ಡ ವ್ಯಾಕ್ಯೂಮು. ಹಿಂಗೆ ಹೀರಿ ಹಾಕಿದ ಮಣ್ಣಲ್ಲಿ ಕಣ್ತಪ್ಪಿದ ಚೂರುಗಳು ಇರ್ತವೆ, ಅದೇ ನಮ್ಮ ಪಾಲು. ತಲೆಗೆ ನೊಣದ ಬಲೆ ಹಾಕ್ಕೊಂಡು ಸಾಲಾಗಿ ಕೂತ್ವಿ.

ಕೆಲಸ ಏನು ಅಂದ್ರೆ, ಅಕ್ಕಿಲಿ ಕಲ್ಲು ಆರಿಸೋದನ್ನ ತಿರುಗಾ ಮುರುಗಾ ಮಾಡಿದಂಗೆ, ಇಲ್ಲಿ ಅಕ್ಕಿ ಬಿಸಾಕಿ ಕಲ್ಲು ಇಟ್ಕೋಬೇಕು. ಅದಕ್ಕೇ ಇರಬೇಕು ನಮ್ಮನೆ ಹೆಂಗಸರ ಕೈ ಓಡ್ತಾ ಇತ್ತು, ನಾನು ಭಾವಮೈದ ಇಬ್ಬರೂ ಸುಮ್ನೆ ಧೂಳೆಬ್ಬಿಸ್ತಿದ್ವಿ. ಮೊದಲರ್ಧ ಗಂಟೆ ಎಲ್ಲರದೂ ಮಾತೇ ಮಾತು, ಇದಾ ಅದಾ ಇಲ್ನೋಡು ಅಲ್ನೋಡು. ತಾತ ದೂರದಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ರು, ತುಟಿ ಮೇಲೆ ಬೆರಳಿಟ್ಟು ತೋರಿಸಿದ್ರು. ಆಮೇಲೆ ಎದ್ದು ಬಂದು ನನ್ನ ಕೈಯಿಂದ ಗುದ್ದಲಿ ತಗೊಂಡು ಮಣ್ಣನ್ನ ಮೆಲ್ಲಗೆ ಎಳೆದ್ರು. ಜರ್ ಜರ್ ಜರ್. ಮತ್ತೆ ಎಳೆದ್ರು. ಜರ್ ಜರ್ ಕಿಣ್. ನಿಲ್ಲಿಸಿದ್ರು. ಬಗ್ಗಿ ಒಂದು ಉಗುರಷ್ಟು ಬೂದು ಚೂರು ಎತ್ತಿ ನಾಲಿಗೆಯಿಂದ ನೆಕ್ಕಿ ಬಿಸಿಲಿಗೆ ಹಿಡಿದು ಪಾಚ್ ಅಂದ್ರು, ಬಿಸಾಕಿದ್ರು.

ಪಾಚ್ ಅಂದ್ರೆ ಬಣ್ಣ ಇಲ್ಲದ ಓಪಲ್. ಅದೂ ಸಿಲಿಕಾನೇ, ಅದೇ ನೀರು, ಅದೇ ಗೋಳಗಳು, ಆದ್ರೆ ಸೈಜು ಒಂದಕ್ಕೊಂದು ಹೊಂದಲ್ಲ ಇಲ್ಲಾ ಸಾಲಾಗಿ ಕೂತಿರಲ್ಲ. ಇದಿಷ್ಟೂ ಜಾಗ ಸುಮಾರು 11 ಕೋಟಿ ವರ್ಷದ ಹಿಂದೆ ಸಮುದ್ರ, ಅದರ ತಳದ ಕೆಸರು ಗಟ್ಟಿಯಾಗಿ ಕಲ್ಲಾಯ್ತು, ಆಮೇಲೆ ಯಾವಾಗಲೋ ಕಲ್ಲು ಸವೆದು ಸಿಲಿಕಾ ನೀರಲ್ಲಿ ಕರಗಿ ಕೆಳಗಿನ ಬಿರುಕುಗಳಿಗೆ ಇಳೀತು. ನೀರು ಅಲ್ಲಾಡದೆ ನಿಂತು ಗೋಳಗಳು ನಿಧಾನಕ್ಕೆ ಒಂದೇ ಸೈಜಲ್ಲಿ ಕೂತ ಕಡೆ ಬಣ್ಣ, ಉಳಿದ ಕಡೆ ಎಲ್ಲ ಪಾಚ್. ಸಿಗೋದರಲ್ಲಿ ಹೆಚ್ಚಿನಂಶ ಪಾಚೇ. ಅದು ಬಂದ್ರೆ ಬೇಜಾರು ಮಾಡ್ಕೋಬೇಡಿ, ಪಾಚ್ ಇರೋ ಕಡೆ ಬಣ್ಣವೂ ಇರಬಹುದು ಅಂತ ತಾತ.

ಅವತ್ತಿಂದ ನನಗೆ ಈ ಮರಳುಗಾಡಿನ ನಿಶ್ಶಬ್ದ ಬೇರೆ ಥರ ಕಾಣೋಕೆ ಶುರುವಾಯ್ತು. ಅಲ್ಲೀ ತನಕ ಅದು ಫೋಟೋಗೆ ಕ್ಯಾಪ್ಷನ್ ಹಾಕೋ ವಿಷಯ, ವಾವ್ ಪೀಸ್‌ಫುಲ್ ಅಂತ. ಇಲ್ಲಿ ಅದೊಂದು ಸಾಮಾನು, ಜರಡಿ ಗುದ್ದಲಿ ಜೊತೆ. ಮಣ್ಣುಕಲ್ಲು ಗುದ್ದಲಿಗೆ ತಾಗಿದ್ರೆ ಮಂಕು ಸದ್ದು, ಜಿಪ್ಸಮ್ ತಾಗಿದ್ರೆ ಪುಸಕ್ ಅಂತ ಪುಡಿಯಾಗುತ್ತೆ, ಓಪಲ್ ತಾಗಿದ್ರೆ ಮಾತ್ರ ಗಾಜು. ಕೆಳಗೆ ಸುರಂಗದಲ್ಲಿ ಕೈಯಿಂದ ಕೊರೆಯೋರೂ ಇದನ್ನೇ ಕೇಳಿಸ್ಕೊಂಡು ಕೈ ನಿಲ್ಲಿಸ್ತಿದ್ರಂತೆ, ಕಣ್ಣಿಗೆ ಬೀಳೋ ಮುಂಚೆ ಕಿವಿಗೆ ಬೀಳ್ದಿದ್ರೆ ಕಲ್ಲು ಅಲ್ಲೇ ಪುಡಿ. ಯಾರೋ ಒಬ್ಬರು ಮಾತಾಡಿದ್ರೆ ಐದೂ ಜನರ ಕಿಣ್ ತಪ್ಪಿಹೋಗುತ್ತೆ. ಹಂಗಾಗಿ ನಮ್ಮ ಕುಟುಂಬದ ಇತಿಹಾಸದಲ್ಲೇ ಇಲ್ಲದ ಹಾಗೆ ಐದು ಜನ ಒಟ್ಟಿಗೆ ಕೂತು ಬೆಳಿಗ್ಗೆಯೆಲ್ಲ ಯಾರೂ ಮಾತಾಡಲಿಲ್ಲ. ಮಗಳ ಫೋನು ಕಾರಲ್ಲೇ ಇತ್ತು, ಅವಳಿಗೆ ಜ್ಞಾಪಕಾನೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಕಡೆಯಿಂದ ಕಿಣ್ ಬಂತು, ನಾವೆಲ್ಲ ತಿರುಗಿ ನೋಡಿದ್ವಿ. ಅವಳು ಎತ್ತಿ ನೀರು ಹೊಡೆದು ತಿರುಗಿಸಿದ್ಲು. ಬಿಳೀ ಚೂರು, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಒಂದು ಮಗ್ಗುಲಿಗೆ ಮಣ್ಣುಕಲ್ಲು ಅಂಟಿದೆ, ಇನ್ನೊಂದು ಮಗ್ಗುಲು ಹಾಲಿನ ಬಿಳುಪು. ಈ ಕಡೆ ತಿರುಗಿಸಿದ್ರೆ ಏನೂ ಇಲ್ಲ. ಆ ಕಡೆ ಓರೆ ಮಾಡಿದ್ರೆ ಅಂಚಿನ ಒಳಗಡೆ ದಾರದಷ್ಟು ಸಣ್ಣ ಹಸಿರು ಗೆರೆ, ಹಸಿರು ಅಂದ್ರೆ ಬೆಂಕಿ ಹಸಿರು, ಇನ್ನೊಂಚೂರು ಓರೆ ಮಾಡಿದ್ರೆ ಅದೇ ಗೆರೆ ನೀಲಿ, ಮತ್ತೊಂಚೂರಿಗೆ ಆರೋಯ್ತು. ತಾತ ನೋಡಿ ತಲೆ ಆಡಿಸಿದ್ರು, ಕಲರ್ ಅಂದ್ರು. ಅದೊಂದೇ ಮಾತು. ದುಡ್ಡೆಷ್ಟು ಅಂತ ಭಾವಮೈದ ಕೇಳಿದ್ದಕ್ಕೆ ಒಂದು ಬಿಯರ್ ಬರಬಹುದು, ಅದೂ ರೇಟು ಕಮ್ಮಿ ಇರೋ ಹ್ಯಾಪಿ ಅವರ್ ಟೈಮಲ್ಲಿ ಅಂದ್ರು.

ರಾತ್ರಿ ಮತ್ತೆ ಹೋದ್ವಿ, ಯುವಿ ಟಾರ್ಚ್ ಹಿಡ್ಕೊಂಡು. ಈ ನೇರಳೆ ಬೆಳಕಲ್ಲಿ ಪಾಚ್, ಓಪಲ್ ಎರಡೂ ಬೆಳ್ಳಗೆ ಹೊಳೀತವೆ, ದೊಡ್ಡ ಗಣಿಯೋರು ಇದೇ ಉಪಾಯದಲ್ಲಿ ಕತ್ತಲೆ ಡಬ್ಬದೊಳಗೆ ಬೆಲ್ಟ್ ಮೇಲೆ ಮಣ್ಣು ಓಡಿಸಿ ಹುಡುಕ್ತಾರೆ. ನಮಗೊಂದೇ ತಾಪತ್ರಯ, ನವಮಿ ಚಂದ್ರ ಮೇಲೆ ಭರ್ಜರಿಯಾಗಿದ್ದ, ಹಂಗಾಗಿ ಗುಡ್ಡೆಗಳ ನೆರಳು ಬಿದ್ದ ಮಗ್ಗುಲಲ್ಲೇ ಹುಡುಕಿದ್ವಿ. ಚಂದ್ರನಲ್ಲಿರೋ ಮೊಲ ಇಲ್ಲಿ ತಲೆಕೆಳಗಾಗಿತ್ತು, ಭೂಮಿಯ ಈ ಕಡೆಯಿಂದ ನೋಡಿದ್ರೆ ಹಂಗೇ ಕಾಣೋದು. ಹಗಲು ಖಾಲಿ ಅಂತ ಬಿಟ್ಟ ಜಾಗದಲ್ಲೇ ಅಲ್ಲೊಂದು ಇಲ್ಲೊಂದು ಬಿಳೀ ಚುಕ್ಕಿ. ಕೆಲವು ಟಾರ್ಚ್ ಆರಿಸಿದ್ಮೇಲೂ ಎರಡು ಸೆಕೆಂಡ್ ಮಿಣುಕ್ತಾ ಇರ್ತವೆ, ಮಗಳು ಅದನ್ನೇ ಹತ್ತು ಸಲ ಮಾಡಿ ಮಾಡಿ ನೋಡಿದ್ಲು. ಬಿಳೀ ಹೊಳೆದ್ರೆ ಎತ್ಕೊಳ್ಳಿ, ಹಸಿರು ಹೊಳೆದ್ರೆ ಮುಟ್ಟಬೇಡಿ ಅಂತ ತಾತ ಮೊದಲೇ ಹೇಳಿದ್ರು, ಅದು ಚೇಳು. ಒಂದು ಸಿಕ್ತು ಕೂಡ, ಕಿರುಬೆರಳಷ್ಟುದ್ದ, ರೇಡಿಯಂ ಹಸಿರು. ಅಲ್ಲಿಗೆ ಅವತ್ತಿನ ನೂಡ್ಲಿಂಗ್ ಮುಗೀತು, ಹೆಂಡತಿ ಕಾರ್ ಹತ್ತಿ ಕೂತ್ಬಿಟ್ಲು.

ಶನಿವಾರ, ವಿಜಯದಶಮಿ

ಊರಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ಉತ್ತರಕ್ಕೆ ಬ್ರೇಕ್‌ಅವೇಸ್ ಅಂತ ಗುಡ್ಡಗಳಿವೆ. ಅಂತಾಕಿರಿಂಜ ಮಾಟು-ಯಾಂಕುನಿಟ್‌ಜಾಟ್‌ಜಾರ ಅನ್ನೋ ಮೂಲನಿವಾಸಿಗಳ ನೆಲ ಅದು, ಕಾಂಕು ಅಂತಾರೆ, ಅಲ್ಲಿ ಒಂದು ಕಲ್ಲೂ ಎತ್ತೋ ಹಾಗಿಲ್ಲ. ಒಂದು ಗುಡ್ಡ ಬಿಳೀ, ಅದಕ್ಕಂಟಿದ್ದು ಕಂದು, ಸಾಲ್ಟ್ ಆಂಡ್ ಪೆಪ್ಪರ್ ಅಂತ ಕರೀತಾರೆ. ನೋಡೋಕೆ ಚೆನ್ನಾಗಿದೆ, ಟೂರಿಸ್ಟ್ ಬಸ್ ಬಂದಿದ್ದಕ್ಕೆ ಸ್ವಲ್ಪ ಗಲಾಟೆ. ಅದರ ಪಕ್ಕದ ಮೂನ್ ಪ್ಲೇನ್ ಅನ್ನೋ ಬಯಲು ನನಗೆ ಜಾಸ್ತಿ ಹಿಡಿಸ್ತು, ಒಂದು ಗಿಡ ಇಲ್ಲ, ಕರೀ ಬೆಣಚು ಹರಳು ನೆಲದ ತುಂಬ, ಮಧ್ಯೆ ಜಿಪ್ಸಮ್ ಚಕ್ಕೆಗಳು ಬಿಸಿಲಿಗೆ ಫಳಫಳ ಅಂತಿದ್ವು. ಅದರ ನಡುವೆ ಡಾಗ್ ಫೆನ್ಸು, ಕುರಿ ತಿನ್ನೋ ಡಿಂಗೋ ನಾಯಿಗಳು ದಕ್ಷಿಣಕ್ಕೆ ಬರದಿರ್ಲಿ ಅಂತ ಹಾಕಿರೋ ತಂತಿ ಬೇಲಿ, ಉದ್ದ 5,600 ಕಿಲೋಮೀಟರ್. ಮೂರು ರಾಜ್ಯ ದಾಟುತ್ತೆ. ನೋಡೋಕೆ ನಮ್ಮ ಕನಕಪುರ ರಸ್ತೆಲಿ ಸೈಟಿಗೆ ಹಾಕಿರ್ತಾರಲ್ಲ ಅಷ್ಟೇ ಸಾಧಾರಣ ಬೇಲಿ.

ಸಂಜೆ ಬನ್ನಿ ಕೊಡ್ಬೇಕಲ್ಲ, ಬನ್ನಿ ಎಲ್ಲಿಂದ ಬರ್ಬೇಕು. ಮಗಳೇ ಐಡಿಯಾ ಕೊಟ್ಲು, ಎಲೆ ಬದಲು ಪಾಚ್. ಹಿರಿಯರ ಕೈಗೆ ಒಂದೊಂದು ಪಾಚ್ ಚೂರು ಕೊಟ್ಟು ನಮಸ್ಕಾರ ಮಾಡಿ ಬಂಗಾರದ ಹಾಗಿರೋಣ ಅಂದ್ವಿ. ತಾತನ ಮನೆಗೂ ಹೋಗಿ ಕೊಟ್ವಿ. ಅವರದೇ ಗುಡ್ಡೆಯ ಕಸ ಅವರಿಗೇ ಕೊಟ್ಟಂಗಾಯ್ತು, ಆದ್ರೂ ಅವರು ಏನು ಎತ್ತ ಅಂತ ಪೂರ್ತಿ ಕತೆ ಕೇಳಿ, ಅರ್ಜುನ ಮರದ ಮೇಲೆ ಆಯುಧ ಬಚ್ಚಿಟ್ಟಿದ್ದು ತುಂಬ ಇಷ್ಟ ಆಗಿ, ನಾನೂ ಒಂದು ಸಲ ಡೈನಮೈಟ್ ಬಚ್ಚಿಟ್ಟಿದ್ದೆ ಅಂತ ಶುರು ಮಾಡಿದ್ರು. ಆ ಕತೆ ಇಲ್ಲಿ ಬರೆಯೋ ಹಾಗಿಲ್ಲ.

ಭಾನುವಾರ, ಸೋಮವಾರ

ವಾಪಸ್ ಅದೇ ರಸ್ತೆ, ಅದೇ ಬೆರಳು ನಮಸ್ಕಾರ. ಸೋಮವಾರ ಅಡಿಲೇಡಲ್ಲಿ ಸೌತ್ ಆಸ್ಟ್ರೇಲಿಯನ್ ಮ್ಯೂಸಿಯಂಗೆ ಹೋದ್ವಿ, ವರ್ಜಿನ್ ರೈನ್‌ಬೋ ನೋಡೋಕೆ ಅಂತಾನೇ. 2003ರಲ್ಲಿ ಕೂಬರ್ ಪೀಡಿಲೇ ಸಿಕ್ಕಿದ್ದು, ಸಮುದ್ರ ಇದ್ದ ಕಾಲದ ಬೆಲೆಮ್ನೈಟ್ ಅನ್ನೋ ಸ್ಕ್ವಿಡ್ ಜಾತಿಯ ಜೀವಿ, ಅದರ ಒಳಚಿಪ್ಪಿನ ಜಾಗದಲ್ಲಿ ಪೂರ್ತಿ ಓಪಲ್ ತುಂಬ್ಕೊಂಡಿದೆ. ಬೆಲೆ ಹತ್ತು ಲಕ್ಷ ಡಾಲರ್ ಮೇಲೆ ಅಂತಾರೆ. ಬೆರಳುದ್ದದ ವಸ್ತು, ನಾವು ಒಂದು ಹೆಜ್ಜೆ ಪಕ್ಕಕ್ಕೆ ಹೋದ್ರೆ ಒಳಗಿನ ಬಣ್ಣ ಎಲ್ಲ ಜಾಗ ಬದಲಾಯಿಸುತ್ತೆ, ಕೆಂಪಿದ್ದಲ್ಲಿ ಹಸಿರು, ಹಸಿರಿದ್ದಲ್ಲಿ ನೀಲಿ. ಮಗಳು ಗಾಜಿನ ಮುಂದೆ ಎಡಕ್ಕೂ ಬಲಕ್ಕೂ ತೂಗಾಡ್ತಾ ನಿಂತಿದ್ಲು, ಸೆಕ್ಯುರಿಟಿಯವರು ಬಂದು ಏನಾಯ್ತು ಅಂತ ಕೇಳೋ ತನಕ. ನಿಜ ಹೇಳ್ಬೇಕು ಅಂದ್ರೆ, ಆ ದಾರದಷ್ಟು ಹಸಿರು ಗೆರೆ ಕೈಯಲ್ಲಿ ತಿರುಗಿಸಿ ನೋಡಿಲ್ದೆ ಇದ್ದಿದ್ರೆ ನಾನಿದನ್ನ ಎರಡು ನಿಮಿಷ ನೋಡಿ ಕೆಫೆ ಎಲ್ಲಿದೆ ಅಂತ ಹುಡುಕ್ತಿದ್ದೆ.

ಬೆಂಗಳೂರು, ದೀಪಾವಳಿಗೆ ಮುಂಚೆ

ನಗರ್ತಪೇಟೆ ಸಂದಿಲಿ ಒಬ್ಬ ಕಟಿಂಗ್ ಮಾಡೋರು ಸಿಕ್ರು, ಎರಡಾಳು ನಿಲ್ಲೋ ಅಷ್ಟು ಜಾಗ, ನೀರು ತೊಟ್ಟಿಕ್ಕೋ ಚಕ್ರ, ಎದುರಿಗೆ ಟೇಬಲ್ ಲೈಟು. ಹೆಂಡತಿ ಕರ್ಚೀಫ್ ಬಿಚ್ಚಿ ಎಲ್ಲ ಸುರಿದ್ಲು. ಅವರು ಒಂದೊಂದೇ ಎತ್ತಿ ಲೈಟಿಗೆ ಹಿಡಿದು ಎಡಕ್ಕೆ ಹಾಕ್ತಾ ಹೋದ್ರು, ಎಡಕ್ಕೆ ಅಂದ್ರೆ ಪಾಚ್, ಮೀನಿನ ತೊಟ್ಟಿಗೆ ಹಾಕ್ಕೊಳ್ಳಿ ಅಂದ್ರು. ಹಸಿರು ಗೆರೆದು ಬಂದಾಗ ಸ್ವಲ್ಪ ಹೊತ್ತು ತಿರುಗಿಸಿದ್ರು. ಗಟ್ಟಿ ಕಲ್ಲೇ, ಆದ್ರೆ ಗೆರೆ ತೆಳು, ಮೇಲಿನ ಬಿಳುಪು ಉಜ್ಜಿ ತೆಗೀಬೇಕು, ಒಂಚೂರು ಜಾಸ್ತಿ ಉಜ್ಜಿದ್ರೆ ಗೆರೆನೇ ಹೋಗುತ್ತೆ, ಒಣಗಿ ಬಿರುಕು ಬಿಡೋ ಚಾನ್ಸೂ ಇದೆ, ಗ್ಯಾರಂಟಿ ಕೊಡಲ್ಲ ಅಂದ್ರು. ಕೂಲಿ ಎಷ್ಟು ಅಂದಿದ್ದಕ್ಕೆ ಹೇಳಿದ ರೇಟು ಕೇಳಿ, ಕಲ್ಲಿಗೇ ಅಷ್ಟು ಬೆಲೆ ಇಲ್ವಲ್ಲ ಸಾರ್ ಅಂದೆ. ಹೌದು ಇಲ್ಲ ಅಂದ್ರು ಅವರು, ತಲೆ ಎತ್ತದೆ. ಹೆಂಡತಿ ಅಡ್ವಾನ್ಸ್ ಕೊಟ್ಟು ರಸೀದಿ ಬರೆಸ್ಕೊಂಡ್ಲು.